ಅತ್ತೆಯ ಪುಸ್ತಕಕ್ಕೆ ರಟ್ಟು ಹಾಕಿದ್ದು

ಮೈದಾ ಹಿಟ್ಟನ್ನು ನೀರಿನಲ್ಲಿ ಕದಡಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಿದ್ದರೆ ಒಂದು ಹಂತದಲ್ಲಿ ಥೇಟ್ ಹಲ್ವಾದ ವಾಸನೆ ಬರುತ್ತದೆ. ಇವತ್ತು ಬೆಳಿಗ್ಗೆಯೂ ಬಂತು. ನಮ್ಮ ಯಜಮಾನರು ಹಲ್ಲುಜ್ಜುವುದನ್ನು ಅರ್ಧಕ್ಕೆ ಬಿಟ್ಟು ಅಡುಗೆಮನೆಗೆ ಇಣುಕಿ, "ಏನೇ ವಿಶೇಷ?" ಎಂದರು. "ಅಂಟು" ಎಂದೆ. ಪಾಪ, ಮುಖ ಸಣ್ಣದು ಮಾಡಿಕೊಂಡು ವಾಪಸು ಹೋದರು. ಎರಡು ವರ್ಷದಿಂದ ಈ ಮನೆಯಲ್ಲಿ ಹಲ್ವಾಕ್ಕಿಂತ ಅಂಟು ಕಾಯಿಸಿದ್ದೇ ಹೆಚ್ಚು.

ಈ ಹುಚ್ಚು ನನಗೆ ಹಿಡಿದದ್ದು ಹೊಸೂರಿನ ಪಕ್ಕದ ಮತ್ತಿಗಿರಿಯ ಸಮುದಾಯ ಭವನದ ಮಹಡಿಯಲ್ಲಿ. ಭಾನುವಾರ ಬೆಳಿಗ್ಗೆ ಅಲ್ಲಿ ಪುಸ್ತಕ ಕಟ್ಟುವುದನ್ನು ಹೇಳಿಕೊಡುತ್ತಾರೆಂದು ತರಕಾರಿ ಅಂಗಡಿಯ ಗೋಡೆಯ ಮೇಲೆ ಚೀಟಿ ಅಂಟಿಸಿದ್ದರು. ನಿಜ ಹೇಳಿಬಿಡುತ್ತೇನೆ, ನಾನು ಸೇರಿದ್ದು ಕಲೆಯ ಮೇಲಿನ ಪ್ರೀತಿಯಿಂದಲ್ಲ, ವಾರಕ್ಕೊಂದು ಬೆಳಿಗ್ಗೆಯಾದರೂ ಮನೆಯಿಂದ ಹೊರಗಿರಬಹುದಲ್ಲ ಎಂದು. ನಿಮ್ಮ ಮನೆಯಲ್ಲೂ ಅತ್ತೆ ಇದ್ದರೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅತ್ತೆ ಕೆಟ್ಟವರೇನಲ್ಲ. ಅವರು ಕೆಲಮಂಗಲದ ಪಕ್ಕದ ಹಳ್ಳಿಯವರು, ನಾನು ತುಮಕೂರಿನ ಕಡೆಯಿಂದ ಹೊಸೂರಿನ ಕಾರ್ಖಾನೆಗೆ ಕೆಲಸಕ್ಕೆ ಬಂದು ಅವರ ಮಗನನ್ನು ಕಟ್ಟಿಕೊಂಡವಳು. ಮದುವೆಯಾಗಿ ಹನ್ನೊಂದು ವರ್ಷವಾಗಿದ್ದರೂ, ಸಾರಿಗೆ ನಾನು ಬೆಲ್ಲ ಹಾಕಿದ ದಿನ, "ನಿಮ್ ಕಡೇರು ಇಂಗೇ ಬುಡು" ಎನ್ನುತ್ತಿದ್ದರು. ಸುತ್ತಮುತ್ತ ಯಾರ ಮದುವೆಯಾದರೂ ಸೋಬಾನೆ ಹಾಡಲು ಅತ್ತೆಯೇ ಬೇಕು. ಹಾಡುಗಳನ್ನೆಲ್ಲ ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಓದಿದ್ದು ಐದನೇ ಕ್ಲಾಸಿನವರೆಗೆ, ತಮಿಳು ಶಾಲೆಯಲ್ಲಿ. ಹಾಗಾಗಿ ಹಾಡು ಕನ್ನಡ, ಅಕ್ಷರ ತಮಿಳು. ಮನೆಯಲ್ಲಿ ಅದನ್ನು ಓದಲು ಬಾರದವಳು ನಾನೊಬ್ಬಳೇ. ಅವರು ಹಸೆಯ ಪಕ್ಕ ಕೂತು ಹಾಡುವಾಗ ನಾನು ಎಲೆ ಅಡಿಕೆ ತಟ್ಟೆ ಹಿಡಿದು ನಿಂತಿರುತ್ತಿದ್ದೆ. ಒಂದೇ ಒಂದು ಸಲ "ನೀನೂ ಬಾ, ಕುಂತ್ಕೊ" ಎನ್ನಬಾರದೇ ಎಂದು ಆಸೆಯಾಗುತ್ತಿತ್ತು. ಕೇಳಲು ಬಿಗುಮಾನ.

ಪುಸ್ತಕ ಕಟ್ಟಲು ಕಲಿಸುತ್ತಿದ್ದವರು ರಾಜಮ್ಮ. ಬೈಂಡಿಂಗ್ ಅಂಗಡಿಯಲ್ಲೇ ತಲೆ ನರೆತವರು. ಮನೆಮಾತು ತೆಲುಗು, ಬೈಯುವುದು ತಮಿಳಿನಲ್ಲಿ, ಮುದ್ದು ಮಾಡುವುದು ಕನ್ನಡದಲ್ಲಿ. ನನಗೆ ಮೊದಮೊದಲು ತಮಿಳೇ ಹೆಚ್ಚು ಸಿಕ್ಕಿತು. ಹಾಳೆ ಮಡಿಸುವುದು, ದಬ್ಬಣದಿಂದ ತೂತು ಮಾಡುವುದು, ಮೇಣ ಸವರಿದ ದಾರದಲ್ಲಿ ಹೊಲಿಯುವುದು, ಬೆನ್ನಿಗೆ ಬಟ್ಟೆ ಅಂಟಿಸಿ ರಟ್ಟು ಕೂರಿಸುವುದು, ಹುಳ ಬೀಳದಂತೆ ಅಂಟಿಗೆ ಚಿಟಿಕೆ ಮೈಲುತುತ್ತ ಬೆರೆಸುವುದು, ಎಲ್ಲ ಕಲಿತೆ. ನನ್ನ ಮೊದಲ ಪುಸ್ತಕ ತೆರೆದರೆ ಮುಚ್ಚುತ್ತಿರಲಿಲ್ಲ. ಎರಡನೆಯದು ಮುಚ್ಚಿದರೆ ತೆರೆಯುತ್ತಿರಲಿಲ್ಲ. ಮೂರನೆಯದನ್ನು ಅತ್ತೆ ತಿರುಗಿಸಿ ಮುರುಗಿಸಿ ನೋಡಿದರು. ಆಮೇಲೆ ಒಳಗೆ ಹೋಗಿ ಆ ಹಾಡಿನ ನೋಟ್‌ಬುಕ್ ತಂದು ನನ್ನ ಮಡಿಲಿಗೆ ಹಾಕಿದರು.

"ಆಳೆ ಎಲ್ಲಾ ಉದುರೋಯ್ತಾವೆ. ಕಟ್ಕೊಡು. ಮುಂದಿನ್ ತಿಂಗ್ಳು ಸೂಳಗಿರೀಲಿ ಮದ್ವೆ ಐತೆ."

ಅವರು ನನ್ನಿಂದ ಬಯಸಿದ ಮೊದಲ ಉಪಕಾರ ಅದು. ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಕಾರ್ಖಾನೆಯಲ್ಲಿ ನನ್ನದು ಕ್ವಾಲಿಟಿ ವಿಭಾಗ ಎಂಬುದನ್ನು ಇಲ್ಲಿ ಹೇಳಲೇಬೇಕು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಮಾಲನ್ನು ಪಕ್ಕಕ್ಕೆ ಎಸೆಯುವುದೇ ನನ್ನ ಹೊಟ್ಟೆಪಾಡು. ಭಾನುವಾರದ ತರಗತಿಯಲ್ಲಿ ನೋಟ್‌ಬುಕ್ಕಿನ ಹೊಲಿಗೆ ಚೆನ್ನಾಗಿಯೇ ಬಂತು, ಆದರೆ ಹೊರಗಿನ ಅಂಚು ಏರುಪೇರಾಗಿ ಕಾಣುತ್ತಿತ್ತು. ರಾಜಮ್ಮ ಟೀ ಕುಡಿಯಲು ಕೆಳಗಿಳಿದಿದ್ದರು. ನಾನು ಸ್ಕೇಲಿಟ್ಟು ಚಾಕು ಎಳೆದೆ. ಮೇಲೆ ಸರಿಯಾಯಿತು, ಕೆಳಗೆ ಸೊಟ್ಟಗಾಯಿತು. ಕೆಳಗೆ ಸರಿಮಾಡಿದೆ, ನಡುವೆ ಉಬ್ಬಿತು. ಮೂರು ಸಲ ಕತ್ತರಿಸಿದ ಮೇಲೆ ಅಂಚು ಗೆರೆ ಕೊರೆದಂತಾಯಿತು. ಸಾಲುಗಳ ತುದಿಯಲ್ಲಿ ಏನೋ ಸುರುಳಿ ಸುರುಳಿ ಗೀರುಗಳಿದ್ದದ್ದು ಕಣ್ಣಿಗೆ ಬಿದ್ದಿತ್ತು. ಅತ್ತೆ ಅಂಚಿಗೆ ಬಳ್ಳಿ ಬಿಡಿಸಿದ್ದಾರೆ, ಒಂಚೂರು ಹೋದರೇನು ಎಂದುಕೊಂಡೆ.

ರಾಜಮ್ಮ ಬಂದು ನೆಲದ ಮೇಲಿನ ಚೂರುಗಳನ್ನು ಎತ್ತಿ ನೋಡಿದರು. "ಅಯ್ಯೋ ತಾಯಿ! ಬಳ್ಳಿ ಅಲ್ಲಮ್ಮಾ, ಅಕ್ಷರ. ಜಾಗ ಸಾಲ್ದೆ ಒತ್ತಿ ಬರ್ದವ್ರೆ. ಒಂದೊಂದ್ ಸಾಲಿಂದೂ ಬಾಲ ಕತ್ರಿಸ್ಬುಟ್ಟಿದ್ದೀಯಲ್ಲ!"

ಚೂರುಗಳನ್ನು ಜೋಡಿಸಲು ನೋಡಿದೆವು. ಒಂದೊಂದು ಅಕ್ಷರವೂ ಮೂರು ತುಂಡಾಗಿತ್ತು, ಮೇಲೆ ಫ್ಯಾನ್ ಬೇರೆ ತಿರುಗುತ್ತಿತ್ತು. ಅತ್ತೆ ನಂಬಿ ಕೊಟ್ಟ ಒಂದೇ ಒಂದು ವಸ್ತುವನ್ನು ಹಾಳುಮಾಡಿಬಿಟ್ಟಿದ್ದೆ. ಇನ್ನು ಈ ಜನ್ಮದಲ್ಲಿ ಆ ಹಾಡಿನ ಹತ್ತಿರ ನನ್ನನ್ನು ಬಿಟ್ಟುಕೊಳ್ಳುವುದಿಲ್ಲ ಎನಿಸಿತು.

ಮನೆಗೆ ಬಂದು ಇದ್ದದ್ದು ಇದ್ದ ಹಾಗೆ ಹೇಳಿದೆ. ಅತ್ತೆ ಕನ್ನಡಕ ಹಾಕಿಕೊಂಡು ಒಂದು ಪುಟ ತೆರೆದು ಗಟ್ಟಿಯಾಗಿ ಓದಿದರು. "ಅರಿಶಿನದ ಹೊಸಲು ದಾಟಿ ಬಂದವ್ಳೆ ಸೊ..." ಅಲ್ಲಿಗೆ ಸಾಲು ನಿಂತಿತು. ಮುಂದಿನ ಸಾಲೂ ಹಾಗೇ ನಿಂತಿತು. ಅವರ ಹೆಗಲು ಅಲುಗತೊಡಗಿತು. ಅಳುತ್ತಿದ್ದಾರೆಂದು ನಾನೂ ಅಳಲು ಶುರುಮಾಡಿದೆ. ನೋಡಿದರೆ ಅವರು ನಗುತ್ತಿದ್ದಾರೆ! ಕಣ್ಣಲ್ಲಿ ನೀರು ಬರುವಷ್ಟು ನಗು.

"ಆಳೇಲಿ ಹೋದ್ರೆ ಬಾಯಲ್ಲಿ ಇಲ್ವೇನಮ್ಮಾ? ಸುಮ್ಕಿರು. ನಾನ್ ಹಾಡ್ತೀನಿ, ನೀನ್ ಬರ್ಕೊ."

ಮುಂದಿನ ಭಾನುವಾರ ಅತ್ತೆ ನನ್ನ ಸ್ಕೂಟರಿನ ಹಿಂದೆ ಕೂತು ತರಗತಿಗೇ ಬಂದರು. ಕತ್ತರಿಸಿದ ಅಂಚಿಗೆ ತೆಳು ಕಾಗದದ ಪಟ್ಟಿ ಅಂಟಿಸುವುದನ್ನು ರಾಜಮ್ಮ ತೋರಿಸಿಕೊಟ್ಟರು. ಅತ್ತೆ ಒಂದು ಸಾಲು ಹಾಡುವುದು, ನಾನು ಅದರ ಕೊನೆಯ ಅಕ್ಷರವನ್ನು ಪಟ್ಟಿಯ ಮೇಲೆ ಬರೆಯುವುದು. ನನಗೆ ಬರುವುದು ಕನ್ನಡವೊಂದೇ. ಹಾಗಾಗಿ ಪ್ರತಿ ಸಾಲೂ ತಮಿಳು ಅಕ್ಷರದಲ್ಲಿ ಹೊರಟು ಕನ್ನಡ ಅಕ್ಷರದಲ್ಲಿ ಮುಗಿಯುತ್ತಿತ್ತು. ಉಳಿದವರೆಲ್ಲ ಸೂಜಿ ಕೆಳಗಿಟ್ಟು ಸುತ್ತ ಕೂತರು. ಬೈಯುವುದನ್ನು ಮರೆತ ರಾಜಮ್ಮ ತಾಳ ಹಾಕುತ್ತಿದ್ದರು. ಕೊನೆಯ ಅಕ್ಷರ ಹಿಡಿಯಬೇಕೆಂದರೆ ಸಾಲನ್ನು ಎರಡು ಮೂರು ಸಲ ಕೇಳಬೇಕು. ಮೂರು ಭಾನುವಾರ ಕಳೆದು ಪಟ್ಟಿಗಳೆಲ್ಲ ತುಂಬುವ ಹೊತ್ತಿಗೆ ಹಾಡುಗಳು ನನ್ನ ಬಾಯಿಗೂ ಬಂದಿದ್ದವು.

ಸೂಳಗಿರಿಯ ಮದುವೆಯಲ್ಲಿ ನಾನು ಎಂದಿನಂತೆ ತಟ್ಟೆ ಹಿಡಿದು ನಿಂತಿದ್ದೆ. ಅತ್ತೆ ಪುಸ್ತಕ ತೆರೆದು, ಹಾಡದೆ, ಪಕ್ಕದ ಚಾಪೆಯನ್ನು ತಟ್ಟಿದರು. "ಬಾ ಇಲ್ಲಿ. ಈ ಕಡೆ ಅಕ್ಷರ ನಿಂದು. ನೀನೇ ಹಾಡ್ಬೇಕು." ತಟ್ಟೆಯನ್ನು ಯಜಮಾನರ ಕೈಗೆ ತುರುಕಿ ಕೂತುಬಿಟ್ಟೆ. ನನ್ನ ದನಿ ಅಷ್ಟೇನೂ ಚೆನ್ನಾಗಿಲ್ಲ, ಮದುಮಗಳು ಬೆಚ್ಚಿ ತಿರುಗಿ ನೋಡಿದಳು. ಅತ್ತೆ ನಿಲ್ಲಿಸಲಿಲ್ಲ, ನಾನೂ ನಿಲ್ಲಿಸಲಿಲ್ಲ. ಅವತ್ತಿನಷ್ಟು ಸಂತೋಷ ನನ್ನ ಮದುವೆಯ ದಿನವೂ ಆಗಿರಲಿಲ್ಲ. ಇದನ್ನು ನಮ್ಮ ಯಜಮಾನರಿಗೆ ಹೇಳಬೇಡಿ.

ಹಾಡುತ್ತಾ ಹಾಡುತ್ತಾ ಅತ್ತೆಗೆ ಎಂದೂ ಬರೆದಿಡದ ಹಾಡುಗಳು ನೆನಪಾಗತೊಡಗಿವೆ. ಅದಕ್ಕೇ ಹೊಸ ಪುಸ್ತಕ ಕಟ್ಟುತ್ತಿದ್ದೇನೆ. ರಟ್ಟು ಹಾಕುವವರೆಗೂ ಅವರಿಗೆ ತಾಳ್ಮೆಯಿಲ್ಲ. ಈಗ ಹೋಗಿ ನೋಡಿದರೆ ಹೊಲಿದಿಟ್ಟ ಹಾಳೆಗಳನ್ನೇ ಮುಂದಿಟ್ಟುಕೊಂಡು ಬರೆಯುತ್ತಿದ್ದರು. ಪುಟದ ಎಡ ಅರ್ಧದಲ್ಲಿ ಮಾತ್ರ ಬರೆದು, ಬಲ ಅರ್ಧವನ್ನು ಪೂರ್ತಿ ಖಾಲಿ ಬಿಟ್ಟಿದ್ದರು.

"ಇಷ್ಟು ಜಾಗ ಯಾಕತ್ತೆ? ನಾನು ಮತ್ತೆ ಕತ್ತರಿಸ್ತೀನಿ ಅಂತ ಭಯಾನಾ?"

ಅವರು ತಲೆಯೆತ್ತದೆ ಹೇಳಿದರು: "ಅದು ನಿಂದು ಕಣಮ್ಮಾ. ನಿಂಗೆ ಗೊತ್ತಿರೋ ಹಾಡು ನೀನ್ ಬರಿ."