ರೋಲರ್ ಉಚ್ಚಂಗೆಪ್ಪನ ಎರಡು ಸೀಟಿನ ಕಾರು

ಕೂಡ್ಲಿಗಿಯಲ್ಲಿ ಸರ್ಕಾರಿ ರೋಡ್ ರೋಲರ್ ಓಡಿಸುತ್ತಿದ್ದ ಉಚ್ಚಂಗೆಪ್ಪನಿಗೆ ಒಂದು ಸ್ಪೋರ್ಟ್ಸ್ ಕಾರಿತ್ತು. ಹೊಸಬರು ನಂಬುತ್ತಿರಲಿಲ್ಲ. ನಂಬಿದವರು, ಹಾಗಾದರೆ ರೋಲರ್ ಯಾಕೆ ಓಡಿಸುತ್ತಾನೆ ಎಂದು ಕೇಳುತ್ತಿದ್ದರು. ರೋಲರ್ ಸರ್ಕಾರದ್ದು, ಕಾರು ತನ್ನದು ಎಂದು ಅವನು ಬಿಡಿಸಿ ಹೇಳುತ್ತಿದ್ದ.

ಕಾರು ಬಂದದ್ದು ೧೯೭೪ರ ಬೇಸಿಗೆಯಲ್ಲಿ. ಹೊಸಹಳ್ಳಿ ರಸ್ತೆಗೆ ಜಲ್ಲಿ ಹಾಸಿ, ಅಡ್ಡಲಾಗಿ ಕೆಂಪು ಬಾವುಟ ನೆಟ್ಟಿದ್ದರು. ಸಂಡೂರು ಕಡೆಯ ಗಣಿ ಧಣಿಯೊಬ್ಬರ ಮಗ, ಮೇಲೆ ಮುಚ್ಚಳವಿಲ್ಲದ ಕೆಂಪು ವಿಲಾಯತಿ ಕಾರಿನಲ್ಲಿ ಭರ್ರನೆ ಬಂದು ಬಾವುಟವನ್ನೂ ದಾಟಿದ. ಕಾರಿನ ಹೊಟ್ಟೆ ನೆಲದಿಂದ ಒಂದು ಗೇಣು ಮೇಲಿತ್ತು. ಕಲ್ಲೊಂದು ಅದಕ್ಕಿಂತ ಎತ್ತರವಿತ್ತು. ಎಂಜಿನ್ನಿನ ಎಣ್ಣೆಯೆಲ್ಲ ಜಲ್ಲಿಗೆ ಇಳಿಯಿತು.

ಉಚ್ಚಂಗೆಪ್ಪ ಅದನ್ನು ರೋಲರಿಗೆ ಕಟ್ಟಿ ಕೂಡ್ಲಿಗಿಗೆ ಎಳೆದ. ಹನ್ನೆರಡು ಕಿಲೋಮೀಟರಿಗೆ ಮೂರೂವರೆ ತಾಸು ಹಿಡಿಯಿತು. ಧಣಿಯ ಮಗ ಒಂದು ತಾಸು ಸ್ಟೀರಿಂಗ್ ಹಿಡಿದು ಕೂತಿದ್ದ. ಆಮೇಲೆ ಹಿಂದಿನಿಂದ ಬಂದ ಬಸ್ಸು ಹತ್ತಿ ಹೋಗಿಬಿಟ್ಟ. ಉಳಿದ ದಾರಿಗೆ ರಸ್ತೆ ಕೆಲಸದ ಆಳೊಬ್ಬ ಕೂತ. ಕಾರು ರೋಲರ್ ನಿಲ್ಲುವ ಬೇವಿನ ಮರದಡಿ ಎರಡು ವರ್ಷ ನಿಂತಿತು. ರಸ್ತೆ ಇಲಾಖೆಯ ಇಂಜಿನಿಯರ್ ಸಾಹೇಬರು ಧಣಿಗೆ ಮೂರು ಕಾಗದ ಬರೆದ ಮೇಲೆ ಉತ್ತರ ಬಂತು: ಎಳೆದುಕೊಂಡು ಹೋದವನೇ ಇಟ್ಟುಕೊಳ್ಳಲಿ.

ರೋಲರ್ ರಿಪೇರಿ ಬಲ್ಲವನಿಗೆ ಕಾರಿನ ರಿಪೇರಿ ದೊಡ್ಡದಾಗಲಿಲ್ಲ. ಒಡೆದದ್ದನ್ನು ಬೆಸೆದ ಮೇಲೆ, ಮತ್ತೆ ಒಡೆಯದಂತೆ ಖಾಲಿ ಟಾರ್ ಡ್ರಮ್ ಸೀಳಿ ಅದರ ತಗಡನ್ನು ಎರಡು ಪದರ ಮಾಡಿ ಕಾರಿನ ಹೊಟ್ಟೆಗೆ ಬಿಗಿದ. ಜಲ್ಲಿ ಜರಡಿಯ ಹಳೆ ಜಾಲರಿ ಕತ್ತರಿಸಿ ಮುಂದಿನ ಎರಡು ದೀಪಗಳಿಗೂ ಮುಖವಾಡದ ಹಾಗೆ ತೊಡಿಸಿದ.

ಹೆಂಡತಿ ಎರ್ರೆಮ್ಮ ಕಾರಿಗೆ ಒಂದು ಸುತ್ತು ಬಂದಳು.

"ನೆಲದ ಮ್ಯಾಲೆ ಕುಂತಂಗ ಐತಿ. ನೆಲದ ಮ್ಯಾಲೆ ಕುಂದ್ರಾಕ ಮನ್ಯಾಗ ಜಾಗ ಇಲ್ಲೇನು?"

ಉಚ್ಚಂಗೆಪ್ಪ ಕೊಟ್ಟೂರಿಗೆ ಹೋಗಿ, ಜಟಕಾ ಗಾಡಿಗಳಿಗೆ ಗಾದಿ ಮತ್ತು ಮೇಲಿನ ಹೊದಿಕೆ ಹೊಲಿಯುತ್ತಿದ್ದ ಜಮಾಲ್ ಸಾಬರನ್ನು ಕರೆತಂದ. ಸಾಬರು ತೆಂಗಿನ ನಾರು ತುಂಬಿ ಒಂದು ಮೊಳ ದಪ್ಪದ ಗಾದಿ ಹೊಲಿದರು. ಅದರ ಮೇಲೆ ಕೂತ ಎರ್ರೆಮ್ಮನ ತಲೆ ಗಾಜಿಗಿಂತ ಮೇಲೆ ಬಂತು.

"ಇನ್ನ ಟಾಪು ಇವರ ತೆಲಿ ಎತ್ತರಕ್ಕ ಮಾಡ್ಬೇಕಾಗ್ತೈತಿ," ಎಂದು ಸಾಬರು ಟೇಪು ಹಿಡಿದರು. "ತುರುಬು ಬಿಟ್ಟೋ, ಸೇರ್ಸಿಯೋ?"

"ಸೇರ್ಸಿ ಹಿಡೀರಿ," ಎಂದಳು ಎರ್ರೆಮ್ಮ.

ಹೀಗೆ ಕಾರು ಮುಂದಿನಿಂದ ವಿಲಾಯತಿಯಾಗಿಯೂ ಹಿಂದಿನಿಂದ ಜಟಕಾದಂತೆಯೂ ಕಾಣತೊಡಗಿತು. ಭಾನುವಾರ ಬಂದರೆ ಇಬ್ಬರೂ ಹೊರಡುತ್ತಿದ್ದರು. ಉಚ್ಚಂಗೆಪ್ಪ ವೇಗದ ಮುಳ್ಳನ್ನು ಮೂವತ್ತರ ಮೇಲೆ ಹೋಗಗೊಡುತ್ತಿರಲಿಲ್ಲ. ಆರು ದಿನ ನಾಲ್ಕು ಕಿಲೋಮೀಟರ್ ವೇಗದಲ್ಲಿ ಕಳೆದವನಿಗೆ ಏಳನೆಯ ದಿನದ ಮೂವತ್ತು ಧಾರಾಳವಾಯಿತು; ಕಣ್ಣಲ್ಲಿ ನೀರು ಬರುತ್ತಿತ್ತು. ವಾರವೆಲ್ಲ ತನ್ನನ್ನು ಹಿಂದೆ ಹಾಕಿದ ಎತ್ತಿನ ಗಾಡಿ, ಸೈಕಲ್ಲು, ಕುರಿ ಹಿಂಡುಗಳನ್ನು ಅವನು ಒಂದೊಂದಾಗಿ ಹಿಂದೆ ಹಾಕುತ್ತಿದ್ದ. ಇದರಲ್ಲಿ ಸಿಗುತ್ತಿದ್ದ ಸುಖವನ್ನು ಎರ್ರೆಮ್ಮನಿಗೂ ಹೇಳಿರಲಿಲ್ಲ.

೧೯೮೧ರಲ್ಲಿ ಹಳೆ ಕಾರು ಇಟ್ಟವರ ಒಂದು ಸಂಘ ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿ, ಕೊಟ್ಟೂರು ಮೇಲೆ ಹರಪನಹಳ್ಳಿವರೆಗೆ ಪಂದ್ಯ ಇಟ್ಟಿತು. ಇಂಜಿನಿಯರ್ ಸಾಹೇಬರು ಅವನ ಹೆಸರನ್ನೂ ಬರೆಸಿದರು. ಒಟ್ಟು ಒಂಬತ್ತು ಕಾರು. ಬಾವುಟ ಬೀಸಿದ ಗಳಿಗೆಯಲ್ಲಿ ಎಂಟು ಕಾರು ಧೂಳಾದವು. ಒಂಬತ್ತನೆಯದು ಮೂವತ್ತರಲ್ಲಿ ಹೊರಟಿತು.

ಕೊಟ್ಟೂರು ದಾಟಿದ ಮೇಲೆ ಒಂದು ಕಡೆ ಉಚ್ಚಂಗೆಪ್ಪ ಕಾರು ನಿಲ್ಲಿಸಿ ಕೆಳಗಿಳಿದ.

"ಏನಾತು?" ಎಂದಳು ಎರ್ರೆಮ್ಮ.

"ರಸ್ತಿ ಅಂಚು ಕುಸಿದೈತಿ. ಈಗ ಮುಚ್ಚಿದ್ರ ಒಂದು ಬುಟ್ಟಿ ಜಲ್ಲಿ ಸಾಕು. ಮಳಿ ಬಿದ್ರ ಒಂದು ಲಾರಿ ಬೇಕು."

"ಇವತ್ತು ಭಾನುವಾರ. ಹತ್ರಿ."

ಅವನು ಹತ್ತಿದ. ಹರಪನಹಳ್ಳಿ ಮುಟ್ಟುವ ಹೊತ್ತಿಗೆ ಬಹುಮಾನ ಹಂಚಿ ಮುಗಿದಿತ್ತು. ಆದರೆ ಯಾರೂ ಊಟಕ್ಕೆ ಕೂತಿರಲಿಲ್ಲ. ಎರಡು ಕಾರುಗಳ ಕೆಳಗೆ ಎಣ್ಣೆ ಸೋರುತ್ತಿತ್ತು. ಐದರ ದೀಪಗಳು ಕಲ್ಲು ಸಿಡಿದು ಒಡೆದಿದ್ದವು. ಗೆದ್ದ ಕಾರಿಗೆ ಒಂದು ದೀಪವೂ ಉಳಿದಿರಲಿಲ್ಲ. ಬೆಂಗಳೂರಿನ ಒಬ್ಬ ಡಾಕ್ಟರು ಉಚ್ಚಂಗೆಪ್ಪನ ಕಾರಿನ ಕೆಳಗೆ ಬಗ್ಗಿ ನೋಡಿದರು. ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ಮಲಗಿ ಮತ್ತೊಮ್ಮೆ ನೋಡಿದರು.

"ಇದನ್ನು ಯಾವ ಕಂಪನಿಯಿಂದ ತರಿಸಿದಿರಿ?"

"ಟಾರ್ ಡಬ್ಬಿ ರೀ ಅದು," ಎಂದ ಉಚ್ಚಂಗೆಪ್ಪ.

ಆವತ್ತೇ ಆರು ಮಂದಿ ತಮ್ಮ ಕಾರಿಗೂ ಹೀಗೇ ಮಾಡಿಕೊಡಲು ಹೇಳಿ ಹೋದರು. ಭಾನುವಾರಗಳು ತುಂಬಿಹೋದವು. ತಗಡು, ಜಾಲರಿ ಉಚ್ಚಂಗೆಪ್ಪನದು. ಗಾದಿ, ಟಾಪು ಸಾಬರದು. ಜಟಕಾಗಳು ಕಡಿಮೆಯಾಗಿ ಕೈ ಖಾಲಿ ಕೂತಿದ್ದ ಸಾಬರು ಮತ್ತೆ ಎರಡು ಸೂಜಿ ಮುರಿಯುವಷ್ಟು ಹೊಲಿದರು. ಬೆಂಗಳೂರು, ಮೈಸೂರಿನ ಕಾರುಗಳು ಕೂಡ್ಲಿಗಿಗೆ ಬಂದು, ಜಾಲರಿ ತೊಟ್ಟು ಹೋದವು. ತುರುಬಿನ ಎತ್ತರದ ಟಾಪನ್ನು ಮಾತ್ರ ಯಾರೂ ಕೇಳಲಿಲ್ಲ.

ಮರುವರ್ಷ ಸಂಘದವರು ತಮ್ಮ ಪತ್ರಿಕೆಗೆ ಒಂದು ಫೋಟೋ ಬೇಕೆಂದು ಬರೆದರು. ಕೊಟ್ಟೂರಿನಿಂದ ಫೋಟೋದವನು ಬಂದ. ಸೀಟು ಎರಡೇ, ಜನ ಮೂವರು. ಹಿರಿಯರೆಂದು ಸಾಬರನ್ನು ಕೂರಿಸಿದರು. ಗಾದಿ ತನ್ನದೆಂದು ಎರ್ರೆಮ್ಮ ಕೂತಳು. ಉಚ್ಚಂಗೆಪ್ಪ ಒಗೆದ ಅಂಗಿ ತೊಟ್ಟು, ಮುಂದೆ ದೀಪದ ಮೇಲೆ ಕೈಯಿಟ್ಟು ನಿಂತ.

ಫೋಟೋದವನು ಕರಿ ಬಟ್ಟೆಯಿಂದ ತಲೆ ಹೊರಗೆ ತೆಗೆದ.

"ಯಜಮಾನ್ರ, ಸ್ವಲ್ಪ ಸರೀರಿ. ಜಾಲರಿ ಕಾಣವಲ್ದು."

ಉಚ್ಚಂಗೆಪ್ಪ ಸರಿದ.