ಪೂಜೆಗೆ ಕುಳಿತ ಪ್ರಬಂಧ

ಖಂಡೇನವಮಿಯ ಬೆಳಿಗ್ಗೆ ಸ್ನಾನ ಮುಗಿಸಿ ಬಂದು ನೋಡುತ್ತೇನೆ, ಪುಣೆಯ ಕಾಲೇಜಿನಿಂದ ತಂದಿದ್ದ ನನ್ನ ಪ್ರಬಂಧ ದೇವರ ಕೋಣೆಯಲ್ಲಿದೆ! ಇಂಗ್ಲಿಷ್ ಕವಿತೆಯೊಂದರ ವಿಮರ್ಶೆ ಅದು. ಹನ್ನೊಂದು ಹಾಳೆ ಬರೆದಿದ್ದೆ. ನನ್ನ ಸ್ವಂತ ಅಭಿಪ್ರಾಯ ಹೇಳುವ ಕೊನೆಯ ಭಾಗ ಬಾಕಿ ಇತ್ತು. ಈಗ ಅದರ ಮೇಲೆ ಪುಸ್ತಕ, ಪೆನ್ನು, ಅರಿಷಿಣ-ಕುಂಕುಮ, ಚೆಂಡುಹೂ. ಪಕ್ಕದಲ್ಲಿ ಅಪ್ಪನ ಸೋಲಾಪುರದ ಅಂಗಡಿಯ ತಕ್ಕಡಿ.

ವಳಸಂಗದ ನಮ್ಮ ಮನೆಯಲ್ಲಿ ನವಮಿಯಂದು ಪೂಜೆಗಿಟ್ಟದ್ದನ್ನು ಮರುದಿನ ಬನ್ನಿ ಮುಡಿಯುವವರೆಗೆ ಮುಟ್ಟುವಂತಿಲ್ಲ, ಅಲ್ಲಿಯವರೆಗೆ ಓದು-ಬರಹವೂ ಇಲ್ಲ. ಬನ್ನಿ ಮುಡಿದ ಕೂಡಲೇ ನಾನು ರೈಲು ಹಿಡಿಯಬೇಕು. ರಜೆ ಮುಗಿದ ದಿನವೇ ಪ್ರಬಂಧ ಪೂರ್ತಿಯಾಗಿ ಕೈಸೇರದಿದ್ದರೆ ಟರ್ಮ್ ಮಂಜೂರಿಲ್ಲ, ಪರೀಕ್ಷೆಯೂ ಇಲ್ಲ ಎಂದು ಪ್ರಾಧ್ಯಾಪಕರು ಖಡಾಖಂಡಿತವಾಗಿ ಹೇಳಿದ್ದರು. ಅಪ್ಪ ಇನ್ನೂ ಖಡಕ್: ಟರ್ಮ್ ಹೋದರೆ ಓದು ಸಾಕು, ಅಂಗಡಿಗೆ ಬಂದು ಕೂಡು.

"ಆಯೀ, ನನ್ನ ಜನ್ಮಾನ ಹಾಳ ಮಾಡಿದಿ!" ಎಂದು ಅಪ್ಪನ ತಾಯಿಯ ಮೇಲೆ ಕೂಗಾಡಿದೆ.

"ಸರಸ್ವತಿ ಮುಂದ ಇಟ್ಟೀನೋ ಮಾರಾಯಾ, ಒಲಿಯಾಗ ಇಟ್ಟಿಲ್ಲ," ಅಂದಳು ಆಯಿ.

ನನ್ನ ಕಥೆ ಮುಗಿಯಿತು ಅನ್ನಿಸಿತ್ತು. ಮಧ್ಯಾಹ್ನ ಹೋಳಿಗೆ ಉಂಡು ಎಲ್ಲರೂ ಅಡ್ಡಾದಾಗ ದೇವರ ಕೋಣೆಗೆ ನುಗ್ಗಿ ಹಾಳೆಗಳಿಗೆ ಕೈ ಹಾಕಿದೆ. ಬಾಗಿಲಲ್ಲಿ ಆಯಿ ನಿಂತಿದ್ದಳು.

"ಬಾಕಿ ಏನೈತಿ ಅದರಾಗ?"

"ಕವಿತಾ ನನಗ ಹ್ಯಾಂಗ ಅನಿಸ್ತು ಅಂತ ಬರೀಬೇಕ."

"ಇಷ್ಟಾ? ಅದಕ್ಕ ಕಾಗದ ಯಾಕ ಬೇಕು? ಬಾಯಿಲೆ ಹೇಳು. ಹ್ಯಾಂಗ ಅನಿಸ್ತು?"

ಬಾಯಿ ತೆರೆದೆ. ಏನೂ ಬರಲಿಲ್ಲ. ಆ ಹನ್ನೊಂದು ಹಾಳೆಯೂ ಬಜಾರಿನ ನೋಟ್ಸಿನಿಂದ ಎತ್ತಿದ್ದು. ಕವಿತೆ ಓದಿ ನನಗೇನೂ ಅನಿಸಿಯೇ ಇರಲಿಲ್ಲ. ನಾಚಿಕೆಯಿಂದ ಜೀವ ಹೋದಂತಾಯಿತು. ಓದು ಬರಹ ಬಾರದ ಆಯಿಗೆ ನನ್ನ ಮುಖ ನೋಡಿಯೇ ಅದೆಲ್ಲ ಗೊತ್ತಾಗಿಬಿಟ್ಟಿತು. "ಇರಲಿ ಬಿಡು, ನಾಳಿ ಹೊಳದೀತು," ಅಂದು ಒಳಗೆ ಹೋದಳು.

ಮರುದಿನ ಸಂಜೆ ಬನ್ನಿ ಕೊಟ್ಟು, ಹಾಳೆಗಳನ್ನೂ ಕೈಗಿಟ್ಟಳು. ಹೋಟಗಿಯಲ್ಲಿ ಗಾಡಿ ಹತ್ತಿದೆ. ಪುಣೆ ಮುಟ್ಟುವವರೆಗೆ ಪೆನ್ನು ಕೈಯಲ್ಲೇ ಇತ್ತು, ಒಂದು ಸಾಲೂ ಮೂಡಲಿಲ್ಲ. ಟರ್ಮ್ ಹೋಯಿತು.

ಅಪ್ಪನಿಗೆ ಪತ್ರವನ್ನು ಮಾತ್ರ ಸರಾಗವಾಗಿ ಬರೆದೆ, ಒಂದು ಚಿತ್ತಿಲ್ಲದೆ. ಆಯಿ ಪ್ರಬಂಧವನ್ನು ಪೂಜೆಗಿಟ್ಟಳು, ಬರೆಯಲು ಬಿಡಲಿಲ್ಲ, ಅದಕ್ಕೇ ಹೀಗಾಯಿತು ಎಂದು.

ಅಪ್ಪ ಅದನ್ನು ಆಯಿಯ ಮುಂದೆಯೇ ಓದಿದನಂತೆ. ಅವ್ವ ಆಮೇಲೆ ಹೇಳಿದಳು. ಆಯಿ, "ಹೌದಪಾ, ಅಂವಾ ಬರದಿದ್ದು ಖರೇನ ಐತಿ. ತಪ್ಪು ನಂದು. ಹುಡುಗನ್ನ ಬೈಬ್ಯಾಡ," ಅಂದಳಂತೆ.