ದಿಲ್ಲಿಗೆ ಒಂದೇ ಊಟದ ಹಾದಿ

ಆಳಂದದಿಂದ ಪರಸ್ಥಳಕ್ಕೆ ಹೊರಟವರು ಯಾರೇ ಆಗಲಿ, ಮಲ್ಕಮ್ಮನ ಮನೆ ಹಾಯ್ದೇ ಹೋಗುತ್ತಿದ್ದರು. ಗಂಡ ತೀರಿದ ಮೇಲೆ ಊರವರಿಗೆ ಬುತ್ತಿ ಕಟ್ಟಿಕೊಡುತ್ತಲೇ ಒಬ್ಬಳೇ ಮಗಳನ್ನು ಸಾಕಿ, ಮದುವೆ ಮಾಡಿದ ಗಟ್ಟಿಗಿತ್ತಿ ಆಕೆ. ಊರು ಎಷ್ಟು ದೂರ ಎಂದು ಯಾರನ್ನೂ ಕೇಳಿದವಳಲ್ಲ. "ಎಷ್ಟ್ ಊಟದ ಹಾದಿರಿ?" ಎನ್ನುವಳು. ಒಂದೇ ಊಟದ ಹಾದಿ ಕಲಬುರ್ಗಿಯಾದರೆ ಮೆತ್ತನ್ನ ರೊಟ್ಟಿ, ಹುಳಿಸೊಪ್ಪಿನ ಪುಂಡಿಪಲ್ಯ. ಅದರಾಚೆ ಎಲ್ಲಿಗಾದರೂ ದಿನಗಟ್ಟಲೆ ಕೆಡದ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ. ಕಟ್ಟಿದ ಬುತ್ತಿಯನ್ನು ತಿನ್ನದೆ ವಾಪಸು ತಂದವನ ಕೂಡ ತಿಂಗಳುಗಟ್ಟಲೆ ಮಾತು ಬಿಡುತ್ತಿದ್ದಳು.

ಮಗಳು ಶಿವಕಾಂತಾ ದಿಲ್ಲಿಯಲ್ಲಿದ್ದಳು. ಅವಳ ಗಂಡ ಹೈದರಾಬಾದಿನ ಒಬ್ಬ ಅಧಿಕಾರಿಯ ಮೋಟಾರು ಓಡಿಸುತ್ತ ಅಲ್ಲಿಗೆ ಹೋಗಿದ್ದ. ೧೯೪೭ರ ಶಿವರಾತ್ರಿಯ ಹೊತ್ತಿಗೆ ಅಲ್ಲಿಂದ ಬಂದವನೊಬ್ಬ ಸುದ್ದಿ ತಂದ. ಶಿವಕಾಂತಾ ಬಸುರಿ, ತಿಂದದ್ದೆಲ್ಲ ವಾಂತಿಯಾಗಿ ಒಣಗಿ ಹೋಗಿದ್ದಾಳೆ, ಅವ್ವನ ಕೈಯ ಮೆತ್ತನ್ನ ರೊಟ್ಟಿ, ಪುಂಡಿಪಲ್ಯ ಬೇಕೆಂದು ಅಳುತ್ತಾಳೆ. ಬಯಕೆಯ ಬುತ್ತಿ ಕಳಿಸುವುದು ತವರಿನ ಕೆಲಸವೇ ಸರಿ. ಆದರೆ ರೈಲಿನಲ್ಲಿ ಎರಡು ರಾತ್ರಿ ಕಳೆದ ಪಲ್ಯವನ್ನು ಬಸುರಿಯ ಬಾಯಿಗೆ ಇಡುವುದು ಹೇಗೆ? ಊರಿಗೆಲ್ಲ ಬುತ್ತಿ ಕಟ್ಟಿದ ಕೈ ಹೆತ್ತ ಮಗಳಿಗೆ ಕಟ್ಟದಂತಾಯಿತಲ್ಲ ಎಂದು ಮಲ್ಕಮ್ಮ ಹಳಹಳಿಸಿದಳು.

ಅಷ್ಟರಲ್ಲಿ ಬೇಳೆ ವ್ಯಾಪಾರಿ ಮಹಾದೇವಪ್ಪ ತನ್ನ ದೊಡ್ಡಸ್ತಿಕೆ ಹೇಳಿಕೊಳ್ಳಲು ಬಂದ.

"ಈ ಸಲ ಬುತ್ತಿ ಬ್ಯಾಡ ಬೇ ಮಲ್ಕಮ್ಮ. ಹೈದರಾಬಾದದಿಂದ ದಿಲ್ಲಿಗಿ ಇಮಾನದಾಗ ಹೊಂಟೇನಿ."

"ಎಷ್ಟ್ ಊಟದ ಹಾದಿರಿ ಅದು?"

"ಎಂಟನೂರು ಮೈಲಿ ಆಗ್ತದ. ಮುಂಜಾನಿ ಹತ್ತಿದ್ರ ದೀಪ ಹಚ್ಚೂದ್ರಾಗ ದಿಲ್ಲಿ. ನಡುವ ಒಂದೇ ಊಟ."

"ಚ್ಯಾಷ್ಟಿ ಮಾಡಬ್ಯಾಡ್ರಿ ಸಾವಕಾರ್ರ."

"ಖರೇನ ಹೇಳಾಕತ್ತೇನಿ!"

ಒಂದೇ ಊಟ! ಹಾಗಾದರೆ ದಿಲ್ಲಿ ಕಲಬುರ್ಗಿಯಷ್ಟೇ ಆಯಿತು. ಮಲ್ಕಮ್ಮ ಮತ್ತೆ ಕೇಳಲಿಲ್ಲ. ಜೋಳದ ಹಿಟ್ಟು, ಪುಂಡಿ ಸೊಪ್ಪು ಗಂಟು ಕಟ್ಟಿಕೊಂಡು ಹೈದರಾಬಾದಿನ ತನಕ ಅವನ ಬೆನ್ನು ಹತ್ತಿದಳು. ಅವನ ಬೀಗರ ಮನೆಯಲ್ಲಿ ನಸುಕಿನಲ್ಲೇ ಎದ್ದು, ರೊಟ್ಟಿ ಬಡಿದು, ಪಲ್ಯ ಮಾಡಿ ಡಬ್ಬಿಗೆ ತುಂಬಿ, ಬಟ್ಟೆಯಲ್ಲಿ ಬಿಗಿದು, ಮಗಳಿಗೆ ಮುಟ್ಟಿಸಿರೆಂದು ಅವನ ಕೈಗಿತ್ತಳು. ಸಾವಕಾರನ ಮಾತಿನ ಮೇಲೆ ಪೂರಾ ನಂಬಿಕೆ ಇರಲಿಲ್ಲ ಅನ್ನಿ. ವಿಮಾನ ನಡುವೆ ಎಲ್ಲಾದರೂ ಕೆಟ್ಟು ನಿಂತರೆ ಎಂದು, ಊರಿನಿಂದ ತಂದ ಕಡಕ್ ರೊಟ್ಟಿಗಳನ್ನೂ ಬುತ್ತಿಯ ತಳಕ್ಕೆ ಸೇರಿಸಿದ್ದಳು.

ಆಳಂದಕ್ಕೆ ಮರಳಿದ ಮೇಲೆ ಅವಳಿಗೆ ತುತ್ತು ಇಳಿಯಲಿಲ್ಲ. ಹಳಸಿದ ಪಲ್ಯ ಮಗಳ ಹೊಟ್ಟೆ ಸೇರಿದ್ದರೆ? ಆಸೆಗೆ ಬಿದ್ದು ಕೂಸಿಗೂ ಕೇಡು ಕಟ್ಟಿ ಕಳಿಸಿದೆನೇ? ಇದೇ ಚಿಂತೆಯಲ್ಲಿ ವಾರ ಕಳೆಯಿತು.

ಮಹಾದೇವಪ್ಪ ಬಂದವನೇ ಬುತ್ತಿಯ ಬಟ್ಟೆಯನ್ನು ಮುಂದಿಟ್ಟ. ಬಿಚ್ಚಿದರೆ ಕಡಕ್ ರೊಟ್ಟಿಗಳೆಲ್ಲ ಹಾಗೇ ಇದ್ದವು.

"ತಿನ್ನಲಿಲ್ಲೇನ್ರಿ ನನ್ನ ಮಗಳು?"

"ಅಂಜಬ್ಯಾಡ. ಹೊತ್ತು ಮುಳುಗೂದ್ರಾಗ ಮುಟ್ಟಿಸಿದೆ. ಮೆತ್ತನ್ನವು ಇನ್ನಾ ಮೆತ್ತಗೇ ಇದ್ವು. ಎರಡು ತಿಂದು, ಪಲ್ಯದ ಡಬ್ಬಿ ಬಳ್ಕೊಂಡು ನೆಕ್ಕಿದ್ಲು. ಉಂಡದ್ದು ಹೊಟ್ಟ್ಯಾಗ ನಿಂತದ. ಇವು ಮಾತ್ರ ನನ್ನ ಕೈಗೆ ವಾಪಸ್ ಕೊಟ್ಲು. 'ಕಡಕ್ ರೊಟ್ಟಿ ಯಾಕ್ ಕಳಿಸ್ಯಾಳ ಅವ್ವ? ನಾ ಏನ್ ದೂರದಾಗ ಅದೀನೇನು?' ಅಂದ್ಲು."

ಅವನು ಬೇಡ ಬೇಡವೆಂದರೂ ಕೇಳದೆ ಮಲ್ಕಮ್ಮ ಅವನ ಕಾಲು ಮುಟ್ಟಿದಳು. ಕಾಣದ ಆ ವಿಮಾನಕ್ಕೂ ಕೈ ಮುಗಿದಳು. ಆಮೇಲೆ ವಾಪಸು ಬಂದ ರೊಟ್ಟಿಯೊಂದನ್ನು ಮುರಿದು, ಅಳುತ್ತ, ನಗುತ್ತ, ವಾರದ ಮೇಲೆ ಹೊಟ್ಟೆ ತುಂಬ ಉಂಡಳು.